ಘಟ್ಟದ ಕೆಳಗೆ ಗ್ರೇಟ್ ಡೇನ್: ಏಳು ಮಳೆಗಾಲ ದಾಟಿಸಿದ ನನ್ನ ಅನುಭವ

ಕಾಳಿ ಏಳು ಮಳೆಗಾಲ ದಾಟಿದಳು. ಕಪ್ಪು ಬಣ್ಣದ ಗ್ರೇಟ್ ಡೇನ್ ಹೆಣ್ಣು ನಾಯಿ, ಭುಜದ ಎತ್ತರ 29 ಇಂಚಿನ ಆಸುಪಾಸು, ತೂಕ 51 ಕೆಜಿ. ನಾನಿರುವುದು ಅಂಕೋಲಾ ತಾಲ್ಲೂಕಿನ ಅವರ್ಸಾದ ಹತ್ತಿರ. ರಾತ್ರಿ ಮಲಗಿದರೆ ತೆರೆಯ ಸದ್ದು ಕೇಳುತ್ತದೆ, ಅಷ್ಟು ಹತ್ತಿರ ಸಮುದ್ರ. ಇಲ್ಲಿ ಈ ಜಾತಿ ಬಾಳುವುದಿಲ್ಲ ಎಂದು ನನಗೆ ಹೇಳದವರೇ ಕಡಿಮೆ. ಮರಿ ಕೊಟ್ಟವನೇ, "ಘಟ್ಟದ ಮೇಲೆ ಆದರೆ ಸರಿ, ಕೆಳಗೆ ಬೇಡ ಸರ್" ಎಂದಿದ್ದ. ಮೀನು ತರುವ ಅಕ್ಕ ಬುಟ್ಟಿ ಇಳಿಸಿ ಮರಿಯನ್ನು ಮೇಲಿನಿಂದ ಕೆಳಗೆ ನೋಡಿ, "ಮಾಸ್ತರೇ, ಇದಕ್ಕೆ ಆಷಾಢ ದಾಟುವ ಯೋಗ ಇಲ್ಲ" ಎಂದಿದ್ದಳು. ಈಗ ಅದೇ ಅಕ್ಕ ಕಾಳಿಯ ಪಾಲಿನ ತಾರ್ಲಿ ಮೀನನ್ನು ಬೇರೆಯೇ ಕಟ್ಟಿಕೊಂಡು ಬರುತ್ತಾಳೆ.

ಇದನ್ನು ದೊಡ್ಡ ನಾಯಿ ಸಾಕಿ ಗೊತ್ತಿರುವವರಿಗಾಗಿ ಬರೆಯುತ್ತಿದ್ದೇನೆ. ಲಸಿಕೆ, ಜಂತುಹುಳದ ಔಷಧ, ಕೊರಳಪಟ್ಟಿ ಇವನ್ನೆಲ್ಲ ಮತ್ತೆ ಹೇಳುವುದಿಲ್ಲ. ಕರಾವಳಿಯಲ್ಲಿ ಇಲಿ ಜ್ವರದ ಲಸಿಕೆಯನ್ನು ಮಾತ್ರ ಒಂದು ವರ್ಷವೂ ತಪ್ಪಿಸಬೇಡಿ, ಅಷ್ಟೇ.

ಕಾಳಿಗಿಂತ ಮೊದಲು ಇಬ್ಬರನ್ನು ಕಳೆದುಕೊಂಡಿದ್ದೇನೆ. ಇಬ್ಬರ ಕಥೆಯನ್ನೂ ಹೇಳಲೇಬೇಕು, ಏಕೆಂದರೆ ನಾನು ಕಲಿತದ್ದೆಲ್ಲ ಅಲ್ಲಿಯೇ.

ಮೊದಲನೆಯವನು ಭೀಮ. 2009ರಲ್ಲಿ ಶಿರಸಿಯ ಶಾಲೆಯೊಂದರಲ್ಲಿದ್ದಾಗ ತಂದದ್ದು, 12,000 ರೂಪಾಯಿ ಕೊಟ್ಟ ನೆನಪು. ಆಗ ನನಗಿದ್ದ ತಿಳಿವಳಿಕೆ ಒಂದೇ: ದೊಡ್ಡ ಜಾತಿ, ದೊಡ್ಡದಾಗಿ ತಿನ್ನಿಸಬೇಕು. ದಿನಕ್ಕೆ ನಾಲ್ಕು ಮೊಟ್ಟೆ, ಒಂದು ಲೀಟರ್ ಹಾಲು, ಕುರಿಯ ಮೂಳೆಯ ಸಾರು, ಅದರ ಮೇಲೆ ಎರಡು ಹೊತ್ತು ಕ್ಯಾಲ್ಸಿಯಂ ಸಿರಪ್. ಆರು ತಿಂಗಳಿಗೆ 48 ಕೆಜಿ ತೂಗಿದ. ಅಡಿಕೆ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿ ಫೋಟೊ ತೆಗೆಸಿದ್ದೆವು. ಏಳನೆಯ ತಿಂಗಳಿನಲ್ಲಿ ಮುಂಗಾಲಿನ ಮಣಿಕಟ್ಟು ಊದಿತು, ಜ್ವರ ಬಂತು, ಕಾಲುಗಳು ಹೊರಕ್ಕೆ ಬಾಗಿದವು. ಹುಬ್ಬಳ್ಳಿಗೆ ಒಯ್ದು ಎಕ್ಸ್‌ರೇ ತೆಗೆಸಿದಾಗ ವೈದ್ಯರು ಮೊದಲು ಕೇಳಿದ್ದೇ, "ಕ್ಯಾಲ್ಸಿಯಂ ಎಷ್ಟು ಕೊಡುತ್ತಿದ್ದೀರಿ?" ಎಂದು.

ದೊಡ್ಡ ಜಾತಿಯ ಮರಿಯ ಕರುಳು ಬೇಡದ ಕ್ಯಾಲ್ಸಿಯಂ ಅನ್ನು ತಡೆದು ಹೊರಹಾಕಲು ತಿಳಿಯದ್ದು. ಹೆಚ್ಚು ಕೊಟ್ಟಷ್ಟೂ ಹೆಚ್ಚು ಒಳಗೆ ಹೋಗುತ್ತದೆ, ಹೋಗಿ ಎಲುಬಿನ ಬೆಳವಣಿಗೆಯನ್ನೇ ಕೆಡಿಸುತ್ತದೆ. ಮಿತಿಮೀರಿ ತಿನ್ನಿಸಿದರೆ ಎಲುಬು ಹೇಗೆ ಕೆಡುತ್ತದೆ ಎಂಬುದನ್ನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಗ್ರೇಟ್ ಡೇನ್ ಮರಿಗಳ ಮೇಲೆಯೇ ಪ್ರಯೋಗ ಮಾಡಿ 1974ರಲ್ಲಿಯೇ ಪ್ರಕಟಿಸಿದ್ದರು. ನನಗೆ ಅದು ತಿಳಿಯುವ ಹೊತ್ತಿಗೆ 35 ವರ್ಷ ಕಳೆದಿತ್ತು, ಭೀಮನ ಕಾಲು ಹೋಗಿತ್ತು. ನಾಲ್ಕೂವರೆ ವರ್ಷ ಕುಂಟುತ್ತಲೇ ಬದುಕಿದ. ಔಷಧ, ಓಡಾಟ ಸೇರಿ 60,000ದವರೆಗೆ ಖರ್ಚಾಗಿರಬೇಕು. ಮಣಿಕಟ್ಟು ಉಬ್ಬಿದ ಮರಿಯನ್ನು ಈಗ ಎಲ್ಲಿ ಕಂಡರೂ ನನ್ನ ಹೊಟ್ಟೆ ಉರಿಯುತ್ತದೆ.

ಎರಡನೆಯವನು ಶೇರು. 2014ರಲ್ಲಿ ವರ್ಗವಾಗಿ ಘಟ್ಟ ಇಳಿದ ಮೇಲೆ 18,000 ಕೊಟ್ಟು ತಂದದ್ದು. ಇವನನ್ನು ನಿಧಾನವಾಗಿ ಬೆಳೆಸಿದೆ. ಕಾಲು ಕಂಬದ ಹಾಗೆ ನೆಟ್ಟಗೆ ಬಂತು, ದೊಡ್ಡವನಾದಾಗ 66 ಕೆಜಿ. 2018ರ ಜೂನ್‌ನಲ್ಲಿ ಒಂದು ರಾತ್ರಿ ಎಂಟಕ್ಕೆ ಊಟ ಹಾಕಿದೆ, ಅದೇ ಹೊತ್ತಿಗೆ ನೆಂಟರು ಬಂದರು, ಇವನು ಖುಷಿಯಿಂದ ಅಂಗಳವೆಲ್ಲ ಓಡಿದ. ಹತ್ತು ಗಂಟೆಗೆ ವಾಂತಿ ಮಾಡಲು ಒದ್ದಾಡತೊಡಗಿದ. ನೊರೆ ಬಿಟ್ಟರೆ ಏನೂ ಬರಲಿಲ್ಲ. ಪಕ್ಕೆಯ ಹಿಂದೆ ಬೆರಳಿನಿಂದ ತಟ್ಟಿದರೆ ಮದ್ದಳೆಯ ಸದ್ದು. ಜಠರ ಗಾಳಿ ತುಂಬಿ ತಿರುಚಿಕೊಂಡಿತ್ತು. ಮಳೆಯಲ್ಲಿ ಕಾರು ಹುಡುಕಿ, ದೊಡ್ಡ ಊರಿನ ಆಸ್ಪತ್ರೆಯೊಂದನ್ನು ತಲುಪಿದಾಗ ರಾತ್ರಿ ಎರಡು ಗಂಟೆ. ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು ಬೆಳಗ್ಗೆಯೇ ಬರುವುದು ಎಂದರು. ನಾಲ್ಕಕ್ಕೆ ಶೇರು ನನ್ನ ತೊಡೆಯ ಮೇಲೆ ಪ್ರಾಣ ಬಿಟ್ಟ.

ಅದಾದ ಮೇಲೆ ಎಂಟು ತಿಂಗಳು ಮನೆಯಲ್ಲಿ ನಾಯಿ ಇರಲಿಲ್ಲ. ನನ್ನ ಹೆಂಡತಿಯೇ, "ತಂದರೆ ತನ್ನಿ, ಆದರೆ ಇನ್ನೊಂದು ಇಂಥ ರಾತ್ರಿ ನನಗೆ ಬೇಡ" ಎಂದಳು. ಆ ಮಾತನ್ನು ಇಟ್ಟುಕೊಂಡೇ ಕಾಳಿಯನ್ನು ಸಾಕಿದ್ದು.

ಅವಳು ಹುಟ್ಟಿದ್ದು 2019ರ ಜನವರಿ, ಬೆಲೆ 25,000. ಹೆಣ್ಣನ್ನೇ ಆರಿಸಿದೆ, ಏಕೆಂದರೆ ಸೆಖೆಯಲ್ಲಿ 66 ಕೆಜಿಗಿಂತ 50 ಕೆಜಿ ತಣಿಯುವುದು ಸುಲಭ. ಹತ್ತು ಮರಿಗಳಲ್ಲಿ ಇವಳನ್ನು ಹೇಗೆ ಗುರುತಿಸಿದೆ ಎಂದು ಬಹಳ ಜನ ಕೇಳುತ್ತಾರೆ. ಅದನ್ನು ನಾನು ಹೇಳುವುದಿಲ್ಲ, ಮುಂದಿನ ಮರಿಯನ್ನೂ ನಾನು ಅಲ್ಲಿಂದಲೇ ತರಬೇಕಾಗಿದೆ.

ಹದಿನೈದು ತಿಂಗಳವರೆಗೆ ದೈತ್ಯ ಜಾತಿಯ ಮರಿಗೆಂದೇ ಬರುವ ಚೀಲದ ಆಹಾರ, ಅಳತೆ ಮಾಡಿ, ಮೂರು ಹೊತ್ತು. ಸಿರಪ್ಪನ್ನು ಮನೆಯೊಳಗೆ ತರಲಿಲ್ಲ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಗೆ ಸುಲಭವಾಗಿ ಸಿಗಬೇಕು. ಅದೊಂದೇ ನನ್ನ ಅಳತೆ. ನಾಲ್ಕು ತಿಂಗಳಿಗೆ 20, ಆರಕ್ಕೆ 31, ವರ್ಷಕ್ಕೆ 43 ಕೆಜಿ, ಹೆಚ್ಚುಕಡಿಮೆ. ಬಂದವರೆಲ್ಲ, "ಪಾಪ, ಊಟ ಹಾಕುವುದಿಲ್ಲವೇ?" ಎಂದರು. ಒಬ್ಬರಂತೂ ಹೊಟೇಲಿನಿಂದ ಬಿರಿಯಾನಿಯನ್ನೇ ಕಟ್ಟಿಸಿಕೊಂಡು ಬಂದಿದ್ದರು, ವಾಪಸು ಕಳುಹಿಸಿದೆ. ತಿಂಗಳಿಗೆ ಚೀಲವೇ ಏಳು ಸಾವಿರದ ಮೇಲಾಗುತ್ತಿತ್ತು. ಒಂದೂವರೆ ವರ್ಷದವರೆಗೆ ಮೆಟ್ಟಿಲು ಹತ್ತಿಸಲಿಲ್ಲ, ಟೈಲ್ಸ್ ನೆಲದ ಮೇಲೆ ಓಡಲು ಬಿಡಲಿಲ್ಲ. ಚಿರೆಕಲ್ಲಿನ ಒರಟು ನೆಲದಲ್ಲಿ ಕಾಲು ಜಾರುವುದಿಲ್ಲ, ಅದು ನಮ್ಮ ಕಡೆಯವರಿಗೆ ಇರುವ ಅನುಕೂಲ.

ಈಗ ಅರ್ಧ ಚೀಲದ ಆಹಾರ, ಅರ್ಧ ಕುಚಲಕ್ಕಿ ಅನ್ನ, ಬೇಯಿಸಿದ ತಾರ್ಲಿ, ಸಿಹಿಗುಂಬಳ. ತಿಂಗಳಿಗೆ ಐದು ಸಾವಿರದೊಳಗೆ ಮುಗಿಯುತ್ತದೆ. ತೊಂದರೆ ಬರುವುದು ಜೂನ್ ಮತ್ತು ಜುಲೈಯಲ್ಲಿ, ಯಾಂತ್ರಿಕ ದೋಣಿಗಳು ದಡ ಸೇರಿದಾಗ. ಮೊದಲ ವರ್ಷ ಒಣಮೀನು ಹಾಕಿದೆ. ಉಪ್ಪಿಗೆ ಬಕೆಟ್‌ಗಟ್ಟಲೆ ನೀರು ಕುಡಿದು ಭೇದಿ ಮಾಡಿಕೊಂಡಳು. ಎರಡನೆಯ ವರ್ಷ ಮೇ ತಿಂಗಳಿನಲ್ಲಿಯೇ ಉಪ್ಪಿಲ್ಲದ ತಾರ್ಲಿಯನ್ನು ಹಾಳೆಯ ಮೇಲೆ ಹರವಿ ಒಣಗಿಸಿದೆ. ಅರ್ಧ ಕಾಗೆಗಳ ಪಾಲಾಯಿತು, ಉಳಿದ ಅರ್ಧಕ್ಕೆ ಜೂನ್ ಹತ್ತರೊಳಗೆ ಬೂಷ್ಟು. ಮೂರನೆಯ ವರ್ಷ ಬಚ್ಚಲ ಒಲೆಯ ಮೇಲೆ ತಂತಿ ಕಟ್ಟಿ, ತೆಂಗಿನ ಸಿಪ್ಪೆಯ ಹೊಗೆಯಲ್ಲಿ ಹತ್ತು ದಿನ ಬಿಟ್ಟೆ. ಅದು ಆಗಸ್ಟಿನವರೆಗೂ ಕೆಡಲಿಲ್ಲ. ಆದರೆ ಸ್ನಾನಕ್ಕೆ ಹೋದವರ ಮೈಗೆಲ್ಲ ಮೀನಿನ ವಾಸನೆ ಹತ್ತಿ ಮನೆಯಲ್ಲಿ ಜಗಳವಾಯಿತು. ಈಗ ಆ ಎರಡು ತಿಂಗಳು ಮೊಟ್ಟೆ ಮತ್ತು ಕೋಳಿ.

ಇನ್ನು ಸೆಖೆ. ಇಲ್ಲಿ ಎಲ್ಲರೂ ಮಾಡುವ ತಪ್ಪು ಒದ್ದೆ ಗೋಣಿ ಹೊದಿಸುವುದು. ಬಯಲುಸೀಮೆಯ ಒಣ ಬಿಸಿಲಿಗೆ ಅದು ಸರಿ. ನಮ್ಮಲ್ಲಿ ಗಾಳಿಯೇ ಒದ್ದೆ, ಗೋಣಿ ಆರುವುದಿಲ್ಲ, ಒಳಗಿನ ಕಾವು ಒಳಗೇ ಉಳಿಯುತ್ತದೆ. ನಾಯಿ ತಣಿಯುವುದು ಏದುಸಿರಿನಿಂದ, ಅದಕ್ಕೆ ಗಾಳಿ ಓಡಾಡಬೇಕು. ಹೊಟ್ಟೆ ಮತ್ತು ತೊಡೆಸಂದಿಗೆ ಮಾತ್ರ ನೀರು ಸವರಿ, ನೆಲಮಟ್ಟದಲ್ಲಿ ಟೇಬಲ್ ಫ್ಯಾನ್ ಇಟ್ಟೆ. ಹತ್ತು ನಿಮಿಷದಲ್ಲಿ ಉಸಿರು ಇಳಿಯಿತು. ಹಲಸಿನ ಮರದ ಬುಡದಲ್ಲಿ ಎರಡು ಅಡಿ ಗುಂಡಿ ತೆಗೆದು, ಮನೆ ಕಟ್ಟುವಾಗ ಉಳಿದಿದ್ದ ಹೊಳೆಮರಳು ತುಂಬಿಸಿದೆ. ಮಾರ್ಚ್‌ನಿಂದ ಮೇವರೆಗೆ ಅವಳ ಹಗಲೆಲ್ಲ ಅಲ್ಲಿಯೇ. ಮೊದಲು ಕಡಲ ಮರಳು ಹಾಕಿ ನೋಡಿದ್ದೆ, ಉಪ್ಪಿನಂಶಕ್ಕೆ ಮೈ ತುರಿಸಿಕೊಂಡು ಗಾಯ ಮಾಡಿಕೊಂಡಳು. ನಡಿಗೆ ಬೆಳಗ್ಗೆ ಐದಕ್ಕೆ, ಆರೂವರೆಗೆ ಮನೆ.

ಮಳೆಗಾಲಕ್ಕೆ ನಾನು ಕಂಡುಕೊಂಡದ್ದು ಅಡಿಕೆ ದಬ್ಬೆಯ, ಅಂದರೆ ಸೀಳಿದ ಅಡಿಕೆ ಮರದ ಪಟ್ಟಿಗಳ, ಮಂಚ. ಇದನ್ನು ನನಗಿಂತ ಮೊದಲು ಯಾರೂ ಮಾಡಿದ್ದನ್ನು ನಾನು ನೋಡಿಲ್ಲ. ದಬ್ಬೆಗಳನ್ನು ಬೆರಳಿನಷ್ಟು ಸಂದು ಬಿಟ್ಟು ಹೊಡೆದು, ನೆಲದಿಂದ ಒಂದು ಅಡಿ ಎತ್ತರಕ್ಕೆ ನಿಲ್ಲಿಸಿ, ಮೇಲೆ ತೆಂಗಿನ ನಾರಿನ ಹಾಸಿಗೆ ಹಾಕಬೇಕು. ಕೆಳಗಿನಿಂದ ಗಾಳಿ ಆಡುತ್ತದೆ, ಹಾಸಿಗೆ ಬೂಷ್ಟು ಹಿಡಿಯುವುದಿಲ್ಲ. 600 ರೂಪಾಯಿಯೊಳಗೆ ಆಗಿಹೋಯಿತು. ಶೇರುವಿಗೆ ಪ್ರತಿ ಜುಲೈಯಲ್ಲಿ ಬೆರಳಸಂದಿಯಲ್ಲಿ ಬರುತ್ತಿದ್ದ ಶಿಲೀಂಧ್ರದ ಹುಣ್ಣು ಕಾಳಿಗೆ ಒಂದು ವರ್ಷವೂ ಬಂದಿಲ್ಲ. ಭಾರದ ನಾಯಿಗಳಿಗೆ ಬರುವ ಮೊಣಕೈಯ ಗಡ್ಡೆಯೂ ಇಲ್ಲ. ಮೊಣಕೈಗೆ ನಾನೊಂದು ಕೊಬ್ಬರಿ ಎಣ್ಣೆ ಕಾಸಿ ಹಚ್ಚುತ್ತೇನೆ. ಅದರಲ್ಲಿ ಏನೇನು ಬೀಳುತ್ತದೆ ಎಂಬುದು ನಮ್ಮ ಅಜ್ಜಿಯ ಕಾಲದ ಮನೆಗುಟ್ಟು, ಹಾಗೆಯೇ ಇರಲಿ.

ಮಧ್ಯೆ ಒಂದು ಪ್ರಯೋಗ ಮಾಡಿದೆ. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದವರು ನಡೆಸುವ ಮುಧೋಳ ನಾಯಿಗಳ ಕೇಂದ್ರದಿಂದ ಗೆಳೆಯರೊಬ್ಬರು ಮರಿ ತಂದಿದ್ದರು. ಎರಡನ್ನೂ ಜೊತೆಯಲ್ಲಿ ಕಡಲತೀರದಲ್ಲಿ ಓಡಿಸಿದರೆ ಕಾಳಿಯ ಮೈ ಗಟ್ಟಿಯಾಗುತ್ತದೆ ಎಂದುಕೊಂಡೆ. ಮುಧೋಳ ಓಟದ ನಡುವೆಯೇ ಮಿಂಚಿನಂತೆ ತಿರುಗುತ್ತದೆ, ಹನ್ನೊಂದು ತಿಂಗಳ ಕಾಳಿ ಅದರ ಹಿಂದೆ ತಿರುಗಲು ಹೋಗಿ ಭುಜ ಉಳುಕಿಸಿಕೊಂಡಳು. ಮೂರು ವಾರ ಕಟ್ಟಿ ಹಾಕಬೇಕಾಯಿತು. ಮುಧೋಳಕ್ಕೆ ನಾನು ಹೇಳಿದ ಯಾವ ಆರೈಕೆಯೂ ಬೇಡ, ಅದು ಬೇರೆಯೇ ಜೀವ. ಹುಬ್ಬಳ್ಳಿಯ ಒಬ್ಬರು ಸೇಂಟ್ ಬರ್ನಾರ್ಡ್ ಮರಿಯನ್ನು ಪುಕ್ಕಟೆಯಾಗಿ ಕೊಡಲು ಬಂದಿದ್ದರು. ಬೇಡ ಎಂದೆ. ಆಲ್ಪ್ಸ್‌ನ ಹಿಮಕ್ಕೆ ಬೆಳೆದ ಉಣ್ಣೆ ಅದರ ಮೈಮೇಲಿದೆ, ಗ್ರೇಟ್ ಡೇನ್‌ನ ಗಿಡ್ಡ ಕೂದಲಿಗೆ ನಾನು ಮಾಡುವ ಉಪಾಯ ಅದಕ್ಕೆ ನಡೆಯದು.

ಎಲ್ಲಕ್ಕಿಂತ ಹೆಚ್ಚು ಟೀಕೆ ಬಂದದ್ದು ಶಸ್ತ್ರಚಿಕಿತ್ಸೆಯ ವಿಷಯಕ್ಕೆ. ಗರ್ಭಕೋಶ ತೆಗೆಸುವಾಗಲೇ ಜಠರವನ್ನು ಬಲಪಕ್ಕದ ಹೊಟ್ಟೆಯ ಗೋಡೆಗೆ ಹೊಲಿಸಿಬಿಡಬೇಕು ಎಂದು ನಿಶ್ಚಯಿಸಿದ್ದೆ. ಹೊಲಿದರೆ ಗಾಳಿ ತುಂಬುವುದು ನಿಲ್ಲುವುದಿಲ್ಲ, ತಿರುಚುವುದು ನಿಲ್ಲುತ್ತದೆ. ಕೊಲ್ಲುವುದು ಆ ತಿರುಚುವಿಕೆಯೇ. ಪರಿಚಯದ ವೈದ್ಯರೊಬ್ಬರು, "ಆರೋಗ್ಯವಾಗಿರುವ ನಾಯಿಯ ಹೊಟ್ಟೆ ಏಕೆ ಕೊಯ್ಯಿಸುತ್ತೀರಿ?" ಎಂದರು. ಅಣ್ಣ ಒಂದು ತಿಂಗಳು ಮಾತು ಬಿಟ್ಟ. 2020ರ ಕೊನೆಯಲ್ಲಿ ಗೋವಾಕ್ಕೆ ಕರೆದೊಯ್ದು ಮಾಡಿಸಿದೆ. ಪರೀಕ್ಷೆ, ಔಷಧ ಸೇರಿ 28,000, ಬಾಡಿಗೆ ಕಾರಿಗೆ ನಾಲ್ಕೂವರೆ ಸಾವಿರ.

ಊಟದ ಬಟ್ಟಲನ್ನೂ ಸ್ಟೂಲಿನಿಂದ ಇಳಿಸಿದೆ. ಎತ್ತರದ ಬಟ್ಟಲಿನಲ್ಲಿ ಉಣ್ಣುವ ನಾಯಿಗಳಲ್ಲಿ ಈ ತೊಂದರೆ ಹೆಚ್ಚು ಎಂದು 2000ದಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದವರು ಹೇಳಿದ್ದರು. ಎಲ್ಲ ವೈದ್ಯರೂ ಇದನ್ನು ಒಪ್ಪುವುದಿಲ್ಲ, ನಾನು ಒಪ್ಪಿದ್ದೇನೆ. ಊಟದ ಹಿಂದೆ ಮುಂದೆ ಒಂದೊಂದು ಗಂಟೆ ಓಟವಿಲ್ಲ. ನೆಂಟರು ಬಂದರೆ ಮೊದಲು ಕಾಳಿಯನ್ನು ಒಳಗೆ ಕಟ್ಟುತ್ತೇವೆ.

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಇಪ್ಪತ್ಮೂರು ನಾಯಿ ಜಾತಿಗಳನ್ನು ನಿಷೇಧಿಸಲು ರಾಜ್ಯಗಳಿಗೆ ಪತ್ರ ಬರೆದಾಗ ಪಕ್ಕದ ಮನೆಯವರು ಮೊಬೈಲ್ ಹಿಡಿದುಕೊಂಡು ಓಡಿ ಬಂದರು. ಗ್ರೇಟ್ ಡೇನ್ ಆ ಪಟ್ಟಿಯಲ್ಲಿ ಇರಲೇ ಇಲ್ಲ. ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟ್ ಆ ಸುತ್ತೋಲೆಯನ್ನೇ ರದ್ದುಪಡಿಸಿತು. ನನಗೆ ನಿಜವಾದ ಪರೀಕ್ಷೆ ಬಂದದ್ದು ಆ ವರ್ಷದ ಮಳೆಗಾಲದಲ್ಲಿ. ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತರು, ಹೆದ್ದಾರಿ ಮುಚ್ಚಿತು, ಕುಮಟಾದ ಕಡೆಯ ದಾರಿ ಹೋಯಿತು. ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಗೋವಾದ ಕಡೆಗೂ ಓಡಾಟ ಕಷ್ಟವಾಯಿತು. ಸರಿಯಾಗಿ ಅದೇ ವಾರ, ರಾತ್ರಿ ಹನ್ನೊಂದಕ್ಕೆ, ಕಾಳಿ ವಾಂತಿಗೆ ಒದ್ದಾಡತೊಡಗಿದಳು. ತಟ್ಟಿದೆ. ಅದೇ ಮದ್ದಳೆಯ ಸದ್ದು.

ಕೈ ನಡುಗುತ್ತಿದ್ದರೂ ಈ ಸಲ ಕಾರು ಹುಡುಕಲಿಲ್ಲ. ನಮ್ಮ ತಾಲ್ಲೂಕಿನ ಪಶುವೈದ್ಯರಿಗೆ ಫೋನ್ ಮಾಡಿದೆ. ಅವರು ಮಳೆಯಲ್ಲಿಯೇ ಬೈಕಿನಲ್ಲಿ ಬಂದು ಬಾಯಿಂದ ಜಠರಕ್ಕೆ ಕೊಳವೆ ಇಳಿಸಿದರು. ತಿರುಚಿದ್ದರೆ ಅದು ಒಳಗೆ ಹೋಗದೆಯೂ ಇರಬಹುದು. ಹೋಯಿತು. ಗಾಳಿ ಬುಸ್ಸೆಂದು ಹೊರಗೆ ಬಂತು, ಅರ್ಧ ಗಂಟೆಯಲ್ಲಿ ಹೊಟ್ಟೆ ಇಳಿಯಿತು. ಮುಂಜಾನೆ ಎದ್ದು ನೀರು ಕುಡಿದು ಮಂಚ ಹತ್ತಿ ಮಲಗಿದಳು. ಎರಡು ದಿನದ ಮೇಲೆ ತೆಗೆಸಿದ ಎಕ್ಸ್‌ರೇಯಲ್ಲಿ ಜಠರ ತನ್ನ ಜಾಗದಲ್ಲಿಯೇ ಇತ್ತು. ಆ ಎಕ್ಸ್‌ರೇಯನ್ನು ಅಣ್ಣನಿಗೆ ತೋರಿಸಿದೆ. ಅವನು ಬಹಳ ಹೊತ್ತು ಬೆಳಕಿಗೆ ಹಿಡಿದು ನೋಡಿದ.

ಉಣುಗಿನ ಕಾಟವೊಂದು ಉಳಿದಿದೆ. ಮೂರು ತಿಂಗಳಿಗೊಮ್ಮೆ ಕೊಡುವ ಮಾತ್ರೆಗೆ ಎರಡು ಸಾವಿರದ ಮೇಲಾಗುತ್ತದೆ, ಉಳಿಸಲು ಹೋಗಿ ಒಮ್ಮೆ ತಪ್ಪಿಸಿದೆ. ಉಣುಗು ಜ್ವರ ಹತ್ತಿ ಪ್ಲೇಟ್‌ಲೆಟ್ 40,000ಕ್ಕೆ ಇಳಿದು, 28 ದಿನ ಡಾಕ್ಸಿಸೈಕ್ಲಿನ್ ನುಂಗಿಸಿದೆ. ಶಿರಸಿ, ಸಿದ್ದಾಪುರದ ಕಡೆಯವರು ನಾಯಿಯನ್ನು ಬೇಸಿಗೆಯಲ್ಲಿ ಕಾಡಿಗೆ ಒಯ್ಯದಿರುವುದೇ ಲೇಸು. ಅಲ್ಲಿ ಮಂಗನ ಕಾಯಿಲೆಯ ಉಣುಗು ಮೈಗೆ ಹತ್ತಿ ಮನೆಗೆ ಬರಬಹುದು. ರಾತ್ರಿ ಹೊರಗೆ ಕಟ್ಟಲೂಬೇಡಿ. ಚಿರತೆ ನಾಯಿಯ ಎತ್ತರ ನೋಡಿ ಹಿಂದೆ ಸರಿಯುತ್ತದೆ ಎಂದು ನಂಬಬೇಡಿ.

ಕಾಳಿಯ ಮೂತಿ ಈಗ ನರೆತಿದೆ. ಬೆಳಗಿನ ನಡಿಗೆಯನ್ನು ಅರ್ಧಕ್ಕೆ ಇಳಿಸಿದ್ದೇನೆ, ಅವಳೇ ತಿರುಗುವ ಜಾಗವನ್ನು ಗೊತ್ತು ಮಾಡಿಕೊಂಡಿದ್ದಾಳೆ. ಮಂಚದ ಎರಡು ದಬ್ಬೆಗಳಿಗೆ ಹುಳು ಬಿದ್ದಿದೆ. ಶಿರಸಿಯ ಬೀಗರ ತೋಟದಲ್ಲಿ ಗಾಳಿಗೆ ಮರ ಬಿದ್ದಿದೆಯಂತೆ, ರವಿವಾರ ಹೋಗಿ ಹೊಸ ದಬ್ಬೆ ಸೀಳಿಸಿಕೊಂಡು ಬರಬೇಕು. ಈ ಸಲ ಮಂಚವನ್ನು ಆರು ಇಂಚು ತಗ್ಗಿಸುತ್ತೇನೆ, ಹತ್ತಲು ಅವಳಿಗೆ ಸುಲಭವಾಗಲಿ.