ಬೂಷ್ಟು ಹಿಡಿದ ಕ್ಯಾಸೆಟ್ಟಿಂದ ಮಾಯಾಮೃಗ ಎಬ್ಬಿಸಿದ್ದು: ನನ್ನ ಅನುಭವ

ಹಳೇ ವಿಡಿಯೋ ಕ್ಯಾಸೆಟ್ಟಿಂದ ಮಾಯಾಮೃಗದಂಥ ಟಿವಿ ಧಾರಾವಾಹಿಗಳನ್ನ ಕಂಪ್ಯೂಟರಿಗೆ ಇಳಿಸೋದು ಆಗಲ್ಲ ಅಂದವರೇ ಜಾಸ್ತಿ. ನಮ್ ಭಾವ ಅಂತೂ "ಯೂಟ್ಯೂಬಲ್ಲಿ ಹುಡುಕೋದು ಬಿಟ್ಟು ಗುಜರಿ ತಂದು ಮನೆ ತುಂಬಿಸ್ತೀಯಲ್ಲೋ ಮಾರಾಯ" ಅಂತ ಆರು ತಿಂಗಳು ಆಡ್ಕೊಂಡ್ರು. ಹೋದ ದೀಪಾವಳಿಗೆ ಅದೇ ಭಾವ ಸೋಫಾದಿಂದ ಏಳದೆ ಏಳೆಂಟು ಎಪಿಸೋಡ್ ಮಾಯಾಮೃಗ ನೋಡಿ ಪೆನ್‌ಡ್ರೈವಿಗೆ ಹಾಕ್ಕೊಡು ಅಂದ್ರು. ಕೊಟ್ಟೆ, ಎರಡು ದಿನ ಸತಾಯಿಸಿ.

ತೀರ್ಥಹಳ್ಳಿ ಮನೆ ಅಟ್ಟದಲ್ಲಿ ನಲವತ್ತರ ಹತ್ರ ಕ್ಯಾಸೆಟ್ ಇದ್ವು, ಎಲ್ಲಾ ಅಮ್ಮನ ರೆಕಾರ್ಡಿಂಗು. ಚಂದನದಲ್ಲಿ ಮಾಯಾಮೃಗ ಬರೋ ಹೊತ್ತಿಗೆ ಅಪ್ಪ ಆಫೀಸಲ್ಲಿ ಇರ್ತಿದ್ರು, ಅವ್ರಿಗೆ ರಾತ್ರಿ ಊಟದ ಹೊತ್ತಿಗೆ ತೋರಿಸೋಕೆ ಅಂತ ಶುರುವಾಗಿದ್ದು. ಮಲೆನಾಡಿನ ಮಳೆಗಾಲ ಗೊತ್ತಲ್ಲ, ಅರ್ಧಕ್ಕರ್ಧ ಕ್ಯಾಸೆಟ್ಟಿನ ಅಂಚಲ್ಲಿ ಬಿಳಿ ಬೂಷ್ಟು.

ಮೊದಲ ದಡ್ಡತನ: ಗುಜರಿಯಲ್ಲಿ ಒಂದೂವರೆ ಸಾವಿರಕ್ಕೆ ಕ್ಯಾಸೆಟ್ ಓಡಿಸೋ ವಿಸಿಆರ್ ತಂದು ಬೂಷ್ಟು ಕ್ಯಾಸೆಟ್ಟನ್ನ ಹಂಗೇ ತುರುಕಿದ್ದು. ಎರಡೇ ನಿಮಿಷಕ್ಕೆ ಟೇಪ್ ಓದೋ ಹೆಡ್ ಕಟ್ಕೊಂಡು ಪರದೆ ತುಂಬಾ ಅಕ್ಕಿ ಚೆಲ್ಲಿದ ಹಾಗೆ ಆಯ್ತು, ಆಮೇಲೆ ಹಾಕಿದ ಮೂರು ಒಳ್ಳೆ ಕ್ಯಾಸೆಟ್ಟಿಗೂ ಅದೇ ಬೂಷ್ಟು ಅಂಟಿಸಿದೆ. ಎರಡನೇ ವಿಸಿಆರ್ ಮದುವೆ ವಿಡಿಯೋ ಮಾಡ್ತಿದ್ದ ಒಬ್ರ ಹತ್ರ, ನಾಲ್ಕು ಸಾವಿರ ಚಿಲ್ಲರೆ. ಇದು ಗಟ್ಟಿ ಪಿಂಡ, ಇವತ್ತಿಗೂ ಓಡ್ತಿದೆ.

ವಿಸಿಆರ್ ಚಿತ್ರವನ್ನ ಕಂಪ್ಯೂಟರಿಗೆ ಇಳಿಸೋ ಏಳುನೂರು ರೂಪಾಯಿ ಯುಎಸ್‌ಬಿ ಕ್ಯಾಪ್ಚರ್ ಕಡ್ಡಿ ತಗೊಂಡವರಿಗೆಲ್ಲ ಗೊತ್ತಿರೋ ಸಂಕಟ ನಂಗೂ ಬಂತು. ಟೇಪ್ ಸಿಗ್ನಲ್ ನಡುಗಿದ ಕಡೆ ಫ್ರೇಮ್ ಬಿಟ್ಬಿಡುತ್ತೆ, ಹತ್ತು ನಿಮಿಷ ಆಗೋಷ್ಟ್ರಲ್ಲಿ ತುಟಿ ಒಂದು ಕಡೆ ಮಾತು ಒಂದು ಕಡೆ. ಪಾಪ ಪಾಂಡು ಧಾರಾವಾಹಿಯಲ್ಲಿ ಹೆಂಡತಿ ಶ್ರೀಮತಿ ಬಾರಿಸಿ ಆಗಿದೆ, ಪಾಂಡು ಕೆಳಗೆ ಬಿದ್ದೂ ಆಗಿದೆ, ಆಮೇಲೆ ಏಟಿನ ಶಬ್ದ! ಅದು ಕಾಮಿಡಿ, ನಡೀತದೆ. ಮುಕ್ತ ಧಾರಾವಾಹಿಯಲ್ಲಿ ವಕೀಲ ಸಿಎಸ್‌ಪಿ ಕೋರ್ಟಲ್ಲಿ ಪಾಟಿಸವಾಲು ಮಾಡುವಾಗ ಸಾಕ್ಷಿ ಬಾಯಿ ತೆಗೆದಾಗ ವಕೀಲರ ಪ್ರಶ್ನೆ ಕೇಳಿದ್ರೆ ಏನ್ ನೋಡ್ತೀರ. ಎರಡು ತಿಂಗಳು ಸಾಫ್ಟ್‌ವೇರ್ ಬದಲಾಯಿಸಿ ಬದಲಾಯಿಸಿ ಸುಸ್ತಾದೆ, ತಪ್ಪು ಅಲ್ಲಿರಲೇ ಇಲ್ಲ.

ಪರಿಹಾರ ಸಿಕ್ಕಿದ್ದು ಹಳೇ ಡಿವಿಡಿ ರೆಕಾರ್ಡರಲ್ಲಿ, ಮೂರು ಸಾವಿರದ ಒಳಗೇ ಬಂತು. ಅದ್ರಲ್ಲಿ ರೆಕಾರ್ಡ್ ಮಾಡೋದಲ್ಲ, ವಿಸಿಆರ್ ಮತ್ತೆ ಕಡ್ಡಿ ಮಧ್ಯೆ ಸುಮ್ನೆ ಹಾದುಹೋಗೋಕೆ ಬಿಡೋದು. ನಡುಗೋ ಗೆರೆಗಳನ್ನ ಅದು ನೆಟ್ಟಗೆ ಮಾಡಿ ಕಳಿಸುತ್ತೆ, ಎಲ್ಲಾ ಮಾಡೆಲ್ಲೂ ಮಾಡಲ್ಲ, ನಂದು ಯಾವ ಮಾಡೆಲ್ ಅಂತ ಹೇಳಲ್ಲ, ಹೇಳಿದ್ರೆ ನಾಳೆಯಿಂದ ರೇಟು ಡಬಲ್ ಆಗುತ್ತೆ. ಬೂಷ್ಟು ತೆಗೆಯೋಕೆ ಸ್ಪಿರಿಟ್ಟು, ಮೆತ್ತನೆ ಬಟ್ಟೆ, ಕೈಯಲ್ಲೇ ತಿರುಗಿಸೋದು, ಇಷ್ಟು ನಿಮಗೂ ಗೊತ್ತು. ಅದಕ್ಕೂ ಮುಂಚೆ ಕ್ಯಾಸೆಟ್ಟನ್ನ ಒಂದು ವಾರ ಎಲ್ಲಿಡ್ತೀನಿ ಅನ್ನೋದು ನನ್ ಗುಟ್ಟು.

ಫೈಲನ್ನ ಚಿತ್ರ ಒಂಚೂರೂ ಕೆಡದ ಹಾಗೆ (ಲಾಸ್‌ಲೆಸ್) ಕಂಪ್ರೆಸ್ ಮಾಡಿ ಇಡ್ತೀನಿ, ಗಂಟೆಗೆ ಸುಮಾರು ಮೂವತ್ತು ಜಿಬಿ ತಿನ್ನುತ್ತೆ. ಹಾರ್ಡ್‌ಡಿಸ್ಕಿಗೇ ಒಂಬತ್ತು ಸಾವಿರ ಹೋಯ್ತು, ಅದನ್ನ ಮನೇಲಿ ಐದು ಅಂದಿದೀನಿ.

ಸಿಲ್ಲಿ ಲಲ್ಲಿ ಅನ್ನೋ ಕಾಮಿಡಿ ಧಾರಾವಾಹಿಯಲ್ಲಿ ಮಾತ್ರ ಸೋತೆ. ಟೇಪ್ ಉಳಿಸೋಕೆ ಅಮ್ಮ ಎಲ್‌ಪಿಯಲ್ಲಿ, ಅಂದ್ರೆ ಟೇಪನ್ನ ನಿಧಾನ ಓಡಿಸಿ, ರೆಕಾರ್ಡ್ ಮಾಡಿದ್ರು, ಮೇಲಿಂದ ಕೇಬಲ್ ಗರಗರ. ಚಿತ್ರ ಬಿಟ್ಟು ಬರೀ ಆಡಿಯೋ ತೆಗೆದು ಅಮ್ಮನ ಫೋನಿಗೆ ಹಾಕಿದೆ, ಈಗ ಕಾಯಿ ತುರೀತಾ ವಿಠಲ್ ರಾವ್ ಡಾಕ್ಟ್ರನ್ನ ಕೇಳ್ತಾರೆ. ಅದು ರೇಡಿಯೋ ನಾಟಕವಾಗೂ ನಡೆಯುತ್ತೆ, ಮಾತಲ್ಲೇ ಅಷ್ಟು ಕಸುವಿದೆ. ಗುಡ್ಡದ ಭೂತ ಧಾರಾವಾಹಿಗೆ ಅದೇ ಪ್ರಯೋಗ ಮಾಡಿದೆ, ಆಗಲಿಲ್ಲ. ನಿರ್ದೇಶಕ ಸದಾನಂದ ಸುವರ್ಣರ ಆ ಕತ್ತಲೆ, ಹರೆಯದ ಪ್ರಕಾಶ್ ರೈ ಮುಖ, ಕಣ್ಣಲ್ಲೇ ನೋಡ್ಬೇಕು. ಬಣ್ಣ ಸರಿಮಾಡೋಕೆ ಹೋಗಿ ರಾತ್ರಿ ಸೀನೆಲ್ಲ ಬೆಳಗಾಗಿ ಭೂತದ ಭಯವೇ ಹೋಯ್ತು, ವಾಪಸ್ ಕತ್ತಲು ಮಾಡಿಟ್ಟೆ.

ನನಗೆ ಒಂದೇ ಒಂದು ಉಳಿಸ್ಕೋ ಅಂದ್ರೆ ಮಾಯಾಮೃಗ. ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂರೂ ಜನ ಸೇರಿ ನಿರ್ದೇಶನ ಮಾಡಿದ್ದು. ಯಾರೂ ಕಿರುಚಲ್ಲ, ಹಿಂದೆ ಡಂ ಅಂತ ಮ್ಯೂಸಿಕ್ ಹೊಡೆಯಲ್ಲ, ಕಾಫಿ ಕುಡೀತಾ ಮಾತಾಡ್ತಾರೆ ಅಷ್ಟೇ, ಆದ್ರೂ ಎದ್ದು ಹೋಗೋಕಾಗಲ್ಲ.

ಕೊನೇ ಡಬ್ಬಿಯಲ್ಲಿ ಅಣ್ಣನ ಮದುವೆ ಕ್ಯಾಸೆಟ್ ಸಿಕ್ತು. ಧಾರೆ ಮುಗೀತಿದ್ದಂಗೆ ಟಪ್ ಅಂತ ಪಾಪ ಪಾಂಡು, ಅತ್ತಿಗೆ ತವರಿನವರ ಊಟದ ಪಂಕ್ತಿ ಪೂರ್ತಿ ಅಳಿಸಿಹೋಗಿದೆ. ಅಮ್ಮನ್ನ ಕೇಳಿದ್ರೆ "ಖಾಲಿ ಕ್ಯಾಸೆಟ್ ಇರ್ಲಿಲ್ಲ ಕಣೋ" ಅಂದ್ರು. ಅತ್ತಿಗೆಗೆ ಇನ್ನೂ ಹೇಳಿಲ್ಲ, ಬೂಷ್ಟು ತಿಂದುಬಿಟ್ಟಿದೆ ಅಂದಿದೀನಿ.