ಬಿಸಿಗೊಂದು ರೀಡಿಂಗು, ತಂಪಿಗೊಂದು ರೀಡಿಂಗು: ಪ್ರೆಷರ್ ಸೆನ್ಸರ್‌ನ ದಾರಿಗೆ ತರೋದು ಹೇಗೆ

ಟ್ಯಾಂಕಿನ ನೀರು ಒಂದಿಂಚೂ ಕದಲಿಲ್ಲ, ಆದ್ರೂ ನೀರಿನ ಒತ್ತಡ ಅಳೆದು ಬೆಳಗ್ಗೆ ಒಂದು ಮಟ್ಟ ತೋರಿಸಿದ ಪ್ರೆಷರ್ ಸೆನ್ಸರ್ ಬಿಸಿಲೇರಿದ ಮೇಲೆ ಇನ್ನೊಂದು ತೋರಿಸತ್ತೆ. ಆಗ ಜನ ಮಾಡೋದು ಎರಡೇ ಕೆಲಸ, ಸೆನ್ಸರ್ ಕೆಟ್ಟಿದೆ ಅಂತ ಹೊಸದು ತರೋದು, ಇಲ್ಲಾಂದ್ರೆ ಕೋಡ್‌ನಲ್ಲಿ ಎಲ್ಲೋ ಒಂದು ಕಡೆ 'ಮೈನಸ್ ಇಷ್ಟು' ಅಂತ ಒಂದು ನಂಬರ್ ತುರುಕಿ ಸುಮ್ನಾಗೋದು. ಹೊಸದೂ ಹಂಗೇ ಆಡತ್ತೆ, ತುರುಕಿದ ನಂಬರ್ ಸಂಜೆ ಹೊತ್ತಿಗೆ ತಪ್ಪಾಗಿರತ್ತೆ.

ಸಾಮಾನ್ಯವಾಗಿ ಸಿಗೋ ಸೆನ್ಸರ್‌ಗಳ ಒಳಗೆ ಸಿಲಿಕಾನ್‌ದೊಂದು ತೆಳು ಪೊರೆ ಇರತ್ತೆ, ಅದರಲ್ಲಿ ನಾಲ್ಕು ರೆಸಿಸ್ಟರ್ ಸೇರಿಸಿ ವೀಟ್‌ಸ್ಟೋನ್ ಬ್ರಿಡ್ಜ್, ಅಂದ್ರೆ ರೆಸಿಸ್ಟೆನ್ಸ್‌ನ ಸಣ್ಣ ಬದಲಾವಣೆಯನ್ನ ವೋಲ್ಟೇಜ್ ಆಗಿ ತೋರಿಸೋ ಸರ್ಕ್ಯೂಟ್, ಮಾಡಿರ್ತಾರೆ. ಒತ್ತಡ ಬಿದ್ರೆ ಪೊರೆ ಬಗ್ಗತ್ತೆ, ರೆಸಿಸ್ಟೆನ್ಸ್ ಬದಲಾಗತ್ತೆ. ಸಿಲಿಕಾನ್‌ಗೆ ಈ ಗುಣ ಜೋರಾಗಿದೆ ಅಂತ 1954ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದಲ್ಲಿ ಚಾರ್ಲ್ಸ್ ಸ್ಮಿತ್ ತೋರಿಸಿಕೊಟ್ರು. ತೊಂದರೆ ಏನಂದ್ರೆ ಅದೇ ರೆಸಿಸ್ಟರ್‌ಗಳು ಬಿಸಿಗೂ ಬದಲಾಗ್ತವೆ. ಇದರಿಂದ ಎರಡು ಬೇರೆ ಬೇರೆ ತಪ್ಪು ಹುಟ್ಟತ್ತೆ. ಒಂದು, ಒತ್ತಡವೇ ಇಲ್ಲದಾಗ ಬರೋ ಝೀರೋ ರೀಡಿಂಗ್ ಜರುಗೋದು. ಇನ್ನೊಂದು, ಸ್ಪ್ಯಾನ್ ಕುಗ್ಗೋದು, ಅಂದ್ರೆ ಅದೇ ಒತ್ತಡಕ್ಕೆ ಔಟ್‌ಪುಟ್ ಕಡಿಮೆ ಬರೋದು. ಸ್ಥಿರ ವೋಲ್ಟೇಜ್ ಕೊಟ್ಟ, ತಿದ್ದುಪಡಿ ಏನೂ ಮಾಡದ ಹಸಿ ಬ್ರಿಡ್ಜ್‌ನಲ್ಲಿ ಇದು ಡಿಗ್ರಿಗೆ ಸುಮಾರು 0.2 ಪರ್ಸೆಂಟ್, 30 ಡಿಗ್ರಿ ಏರಿದ್ರೆ 6 ಪರ್ಸೆಂಟ್ ಹೋಯ್ತು ಅಂತ ಲೆಕ್ಕ. ಇವೆರಡನ್ನೂ ಒಂದೇ ನಂಬರಲ್ಲಿ ಸರಿಮಾಡಕ್ಕಾಗಲ್ಲ.

ಮೊದಲು ನಿಮ್ಮ ಹತ್ರ ಇರೋದು ಯಾವ ಜಾತಿ ಅಂತ ನೋಡ್ಕೊಳ್ಳಿ. ಗಾಳಿಯ ಒತ್ತಡ ಅಳೆಯೋ ಬಿಎಂಪಿ280 ಥರದ ಡಿಜಿಟಲ್ ಚಿಪ್ ಆದ್ರೆ ಅರ್ಧ ಕೆಲಸ ಫ್ಯಾಕ್ಟರಿಯಲ್ಲೇ ಮುಗಿದಿರತ್ತೆ. ಚಿಪ್ ಒಳಗೇ 12 ಕ್ಯಾಲಿಬ್ರೇಷನ್ ನಂಬರ್, ಅಂದ್ರೆ ರೀಡಿಂಗ್ ತಿದ್ದೋ ನಂಬರ್, ಬರೆದಿಟ್ಟಿರ್ತಾರೆ, ಟೆಂಪರೇಚರ್‌ಗೆ 3, ಪ್ರೆಷರ್‌ಗೆ 9. ಡೇಟಾಶೀಟ್‌ನ (ಕಂಪನಿ ಕೊಡೋ ವಿವರಪಟ್ಟಿ) ಸೂತ್ರಕ್ಕೆ ಹಾಕಿದ್ರೆ ಸಾಕು. ಆದ್ರೆ ಪ್ರೆಷರ್ ಲೆಕ್ಕಕ್ಕೆ ಆ ಕ್ಷಣದ ಟೆಂಪರೇಚರ್ ಬೇಕು, ಎಷ್ಟೋ ಜನ ಆನ್ ಮಾಡಿದಾಗ ಒಂದ್ಸಲ ಟೆಂಪರೇಚರ್ ಓದಿ ದಿನವಿಡೀ ಅದನ್ನೇ ಬಳಸ್ತಾರೆ! ಪ್ರತೀ ಸಲ ಮೊದಲು ಟೆಂಪರೇಚರ್, ಆಮೇಲೆ ಪ್ರೆಷರ್. ಇಷ್ಟು ಸರಿಯಾಗಿ ಮಾಡಿದ್ರೆ ಉಳಿಯೋ ತಪ್ಪು ಡಿಗ್ರಿಗೆ 1.5 ಪಾಸ್ಕಲ್ ಆಸುಪಾಸು, ಗಾಳಿಯ ಒತ್ತಡದಿಂದ ಎತ್ತರ ಲೆಕ್ಕ ಹಾಕೋದಾದ್ರೆ 12.6 ಸೆಂಟಿಮೀಟರ್. ಎಂಎಸ್5611 ಅನ್ನೋ ಅಂಥದ್ದೇ ಚಿಪ್ ಇದ್ರೆ 20 ಡಿಗ್ರಿಗಿಂತ ಕೆಳಗೆ ಇನ್ನೊಂದು ಹೆಚ್ಚುವರಿ ಸೂತ್ರ ಇದೆ, ನೀವು ಬಳಸೋ ರೆಡಿಮೇಡ್ ಕೋಡ್ ಲೈಬ್ರರಿಯಲ್ಲಿ ಅದು ಇದೆಯಾ ನೋಡಿ.

ಮಿಲಿವೋಲ್ಟ್ ಕೊಡೋ ಅನಲಾಗ್ ಬ್ರಿಡ್ಜ್ ಆದ್ರೆ, ಬ್ರಿಡ್ಜ್‌ಗೆ ಕೊಡೋ ಸಪ್ಲೈಯನ್ನೇ ಎಡಿಸಿಗೂ (ವೋಲ್ಟೇಜನ್ನ ನಂಬರ್ ಮಾಡೋ ಭಾಗ) ರೆಫರೆನ್ಸ್ ಆಗಿ, ಅಂದ್ರೆ ಹೋಲಿಸೋ ಅಳತೆಗೋಲಾಗಿ, ಕೊಡಿ, ಸಪ್ಲೈ ಅಲುಗಾಡಿದ್ರೂ ರೀಡಿಂಗ್ ಅಲುಗಾಡಲ್ಲ. ಬಿಸಿಯಾಗೋ ವೈಫೈ ಚಿಪ್, ವೋಲ್ಟೇಜ್ ರೆಗ್ಯುಲೇಟರ್ ಪಕ್ಕ ಸೆನ್ಸರ್ ಇಡಬೇಡಿ. ಇಲ್ಲಿಯವರೆಗೆ ಸುಲಭ.

ಈಗ ಎಲ್ರೂ ಎಡವೋ ಜಾಗ, ಬಿಸಿ ಮಾಡಿ ತಣ್ಣಗೆ ಮಾಡಿ ಅಳತೆ ತಗೊಳ್ಳೋದು. ಹೀಟ್ ಗನ್ ಹಿಡಿದು ಎರಡು ನಿಮಿಷದಲ್ಲಿ ಮುಗಿಸೋ ಶಾರ್ಟ್‌ಕಟ್ ಬೇಡವೇ ಬೇಡ, ಒಂದು ಮಗ್ಗುಲು ಸುಡ್ತಿರತ್ತೆ ಇನ್ನೊಂದು ಮಗ್ಗುಲು ತಣ್ಣಗಿರತ್ತೆ, ಬರೋ ಗ್ರಾಫ್ ನೋಡಕ್ಕೆ ಚೆಂದ, ಕೆಲಸಕ್ಕೆ ಬಾರದು. ಓವನ್ ಬಳಸಿ, ಅದರೊಳಗೆ ದಪ್ಪ ಗೋಡೆಯ ಅಲ್ಯುಮಿನಿಯಂ ಡಬ್ಬಿ, ಡಬ್ಬಿಯೊಳಗೆ ಸೆನ್ಸರ್. ಓವನ್‌ನ ಥರ್ಮೋಸ್ಟಾಟ್ ಆನ್ ಆಫ್ ಆಗ್ತಾ ಕುಣಿಯೋದನ್ನ ಡಬ್ಬಿ ನುಂಗತ್ತೆ. ಸೆನ್ಸರ್‌ನ ಮಿತಿ ಮೊದಲೇ ನೋಡಿ, ಬಹಳಷ್ಟಕ್ಕೆ 85 ಡಿಗ್ರಿ.

ಒತ್ತಡ ಬದಲಾಗಬಾರದು ಅಂತ ಸೆನ್ಸರ್‌ನ ಟ್ಯೂಬ್‌ಗೆ ಕ್ಲಿಪ್ ಹಾಕಿ ಮುಚ್ಚಿ ಓವನ್‌ಗೆ ಇಡೋರನ್ನ ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ. ಮುಚ್ಚಿದ ಗಾಳಿ ಬಿಸಿಯಾದ್ರೆ ಅದರ ಒತ್ತಡವೇ ಏರತ್ತೆ ಸ್ವಾಮಿ, ಕೋಣೆಯ ಉಷ್ಣತೆಯಲ್ಲಿ ಡಿಗ್ರಿಗೆ 3.4 ಹೆಕ್ಟೊಪಾಸ್ಕಲ್ ಹತ್ರ. 25ರಿಂದ 55 ಡಿಗ್ರಿಗೆ ಹೋದ್ರೆ ಸುಮಾರು 100 ಹೆಕ್ಟೊಪಾಸ್ಕಲ್, ಅಂದ್ರೆ ಒಂದು ಮೀಟರ್ ನೀರಿನ ಕಂಬ. ಸೆನ್ಸರ್ ನಿಜವನ್ನೇ ಹೇಳ್ತಿರತ್ತೆ, ನೀವು ಅದನ್ನ ಡ್ರಿಫ್ಟ್ (ಬಿಸಿಗೆ ರೀಡಿಂಗ್ ಜರುಗೋದು) ಅಂದ್ಕೊಂಡು ಕಳೆದುಹಾಕ್ತೀರ!

ಹಾಗಾಗಿ ಟ್ಯೂಬ್‌ನ ಓವನ್‌ನಿಂದ ಆಚೆ ತನ್ನಿ, ಟೀ ಜಾಯಿಂಟ್ ಹಾಕಿ ಆಚೆ ಇರೋ ನೀರಿನ ಮಾನೋಮೀಟರ್‌ಗೆ (ನೀರಿನ ಮಟ್ಟದ ವ್ಯತ್ಯಾಸದಿಂದ ಒತ್ತಡ ಅಳೆಯೋ ಕೊಳವೆ) ಜೋಡಿಸಿ. ಒಂದೇ ಟ್ಯೂಬಲ್ಲಿ ನಿಂತ ಗಾಳಿ, ಒಳಗೂ ಹೊರಗೂ ಒತ್ತಡ ಒಂದೇ. ಒಂದು ಸೆಂಟಿಮೀಟರ್ ನೀರಿಗೆ 98 ಪಾಸ್ಕಲ್. ಮಾನೋಮೀಟರ್ ಮಾತ್ರ ಬಿಸಿಯಾಗಬಾರದು, ನೀರು 20ರಿಂದ 30 ಡಿಗ್ರಿಗೆ ಹೋದ್ರೆ ಕಾಲು ಪರ್ಸೆಂಟ್ ಹಗುರ ಆಗತ್ತೆ. ವಾತಾವರಣದ ಒತ್ತಡ ಅಳೆಯೋ ಸೆನ್ಸರ್ ಆದ್ರೆ ಮಾನೋಮೀಟರ್ ಬೇಡ, ಅಂಥದ್ದೇ ಇನ್ನೊಂದನ್ನ ಕೋಣೆಯಲ್ಲಿ ತಣ್ಣಗೆ ಇಟ್ಟು ಎರಡರ ವ್ಯತ್ಯಾಸ ಬರ್ಕೊಳ್ಳಿ. ನಾಲ್ಕೈದು ಗಂಟೆಯಲ್ಲಿ ಹೊರಗಿನ ಒತ್ತಡವೂ ಬದಲಾಗತ್ತಲ್ಲ, ಅದು ತಾನಾಗೇ ಕಳೆದು ಹೋಗತ್ತೆ.

ಆಮೇಲೆ ಕಾಯೋದು. ಓವನ್ ಡಿಸ್‌ಪ್ಲೇ 50 ಅಂದ್ರೆ ಸೆನ್ಸರ್ 50 ಅಂತಲ್ಲ. ಸೆನ್ಸರ್ ಒಳಗಿನ ಟೆಂಪರೇಚರ್ ರೀಡಿಂಗ್ ಹತ್ತು ನಿಮಿಷ ಅಲ್ಲಾಡದೆ ನಿಲ್ಲೋವರೆಗೆ ಒಂದು ಪಾಯಿಂಟೂ ಬರ್ಕೋಬೇಡಿ, ಲೋಹದ ಕವಚ ಇದ್ರೆ ಅರ್ಧ ಮುಕ್ಕಾಲು ಗಂಟೆ ಆದ್ರೂ ಆಗಬಹುದು. ಲೆಕ್ಕಕ್ಕೂ ಅದೇ ಒಳಗಿನ ಟೆಂಪರೇಚರ್ ತಗೊಳ್ಳಿ, ಗೋಡೆಗೆ ನೇತುಹಾಕಿದ ಥರ್ಮಾಮೀಟರ್‌ದಲ್ಲ. ಒಳಗೆ ಟೆಂಪರೇಚರ್ ಔಟ್‌ಪುಟ್ ಇಲ್ಲದ ಬ್ರಿಡ್ಜ್ ಆದ್ರೆ ಬ್ರಿಡ್ಜ್‌ನ ಒಟ್ಟು ರೆಸಿಸ್ಟೆನ್ಸನ್ನೇ ಥರ್ಮಾಮೀಟರ್ ಮಾಡ್ಕೋಬಹುದು. ಏರುವಾಗಲೂ ಇಳಿಯುವಾಗಲೂ ಅಳೆಯಿರಿ, ಎರಡೂ ಸಾಲು ಹೊಂದದೇ ಇದ್ರೆ ಒಂದೋ ನೀವು ಅವಸರ ಮಾಡಿದೀರಿ, ಇಲ್ಲಾ ಸೆನ್ಸರ್‌ಗೇ ಹಿಸ್ಟರಿಸಿಸ್ (ಏರುವಾಗ ಒಂದು, ಇಳಿಯುವಾಗ ಇನ್ನೊಂದು ತೋರಿಸೋ ಗುಣ) ಇದೆ, ಅದನ್ನ ಯಾವ ಸೂತ್ರವೂ ಸರಿಮಾಡಲ್ಲ. ತಂಪಿಗೆ ಫ್ರಿಜ್ ಸಾಕು, ಸಿಲಿಕಾ ಜೆಲ್ ಪೊಟ್ಟಣ ಜೊತೆಗಿಡಿ, ಇಲ್ಲಾಂದ್ರೆ ಹನಿ ಕಟ್ಟಿ ಪಿನ್‌ಗಳ ನಡುವೆ ಕರೆಂಟ್ ಸೋರತ್ತೆ. ಬಾಗಿಲು ಹಾಕಿದ ಕೂಡ್ಲೇ ಫ್ರಿಜ್ ಒಳಗಿನ ಒತ್ತಡ ಸ್ವಲ್ಪ ಹೊತ್ತು ಇಳಿದಿರತ್ತೆ, ಆಗಲೂ ಓದಬೇಡಿ.

ಲೆಕ್ಕ ಹಾಕೋದು ಇದರ ಮುಂದೆ ಏನೂ ಅಲ್ಲ. ಐದು ಟೆಂಪರೇಚರ್, ಪ್ರತಿಯೊಂದರಲ್ಲೂ ಮೂರು ಒತ್ತಡ. ಝೀರೋಗೆ ಒಂದು, ಸ್ಪ್ಯಾನ್‌ಗೆ ಒಂದು, ಎರಡೂ ಟೆಂಪರೇಚರ್‌ನ ವರ್ಗದವರೆಗಿನ ಸಮೀಕರಣ, ಸ್ಪ್ರೆಡ್‌ಶೀಟ್‌ನಲ್ಲೇ ಆಗತ್ತೆ. ಓದಿದ್ದರಿಂದ ಝೀರೋ ಕಳೀರಿ, ಸ್ಪ್ಯಾನ್‌ನಿಂದ ಭಾಗಿಸಿ. ನಾಲ್ಕನೇ ಘಾತ, ಐದನೇ ಘಾತ ಅಂತ ಹೋಗಬೇಡಿ, ಐದು ಪಾಯಿಂಟ್‌ಗೆ ನಾಲ್ಕನೇ ಘಾತ ಹಾಕಿದ್ರೆ ಗೆರೆ ಎಲ್ಲಾ ಚುಕ್ಕಿ ಮುಟ್ಟೇ ಮುಟ್ಟತ್ತೆ, ನಡುವೆ ಎಲ್ಲಿಗೆ ಹೋಗತ್ತೋ ದೇವರಿಗೇ ಗೊತ್ತು. ಅಳೆದ ವ್ಯಾಪ್ತಿಯಿಂದ ಆಚೆ ಹೋದ್ರೆ ತುದಿಯ ಬೆಲೆಗೇ ನಿಲ್ಲಿಸಿ. ಲೆಕ್ಕಕ್ಕೆ ಸೇರಿಸದ ಒಂದೆರಡು ಟೆಂಪರೇಚರ್‌ನಲ್ಲಿ ಮತ್ತೆ ಅಳೆದು ತಾಳೆ ನೋಡಿ.

ಇಷ್ಟೆಲ್ಲಾ ಬೇಡ ಅನ್ನೋರಿಗೆ ನಾನು ಒಪ್ಪೋ ಶಾರ್ಟ್‌ಕಟ್ ಒಂದೇ. ಎರಡು ಬಾಯಿಯ ಒತ್ತಡದ ವ್ಯತ್ಯಾಸ ಅಳೆಯೋ ಡಿಫರೆನ್ಷಿಯಲ್ ಸೆನ್ಸರ್ ಆದ್ರೆ ಸಣ್ಣ ವಾಲ್ವ್ ಹಾಕಿ, ಆಗಾಗ ಎರಡೂ ಬಾಯನ್ನ ಒಂದಕ್ಕೊಂದು ಸೇರಿಸಿ, ಆಗ ಬರೋ ರೀಡಿಂಗೇ ಹೊಸ ಝೀರೋ. ಝೀರೋ ಜರುಗೋ ಕಾಟ ಪೂರ್ತಿ ಹೋಗತ್ತೆ, ಸ್ಪ್ಯಾನ್‌ದು ಉಳಿಯತ್ತೆ. ಸಣ್ಣ ಒತ್ತಡ ಅಳೆಯೋ ಕಡೆ ಬಹುಪಾಲು ತಪ್ಪು ಝೀರೋದ್ದೇ ಆಗಿರೋದ್ರಿಂದ ಅಷ್ಟು ಸಾಕಾಗತ್ತೆ. ಮತ್ತೆ, ಕ್ಯಾಲಿಬ್ರೇಷನ್ ಏನಿದ್ರೂ ಸೆನ್ಸರ್ ಬೋರ್ಡ್‌ಗೆ ಬೆಸುಗೆ ಆದ ಮೇಲೇನೇ ಮಾಡಿ, ಬೆಸುಗೆಯ ಬಿಸಿಗೂ ಎಳೆತಕ್ಕೂ ಝೀರೋ ಇನ್ನೊಮ್ಮೆ ಜರುಗಿರತ್ತೆ.