ಬೇರೇ ಇಲ್ಲದ ಆರ್ಕಿಡ್ ಹೂ ಬಿಟ್ಟಿತು: ನನ್ನ ಅನುಭವ

ಕಿಟಕಿ ಪಕ್ಕದಲ್ಲಿ ಈಗ ಹನ್ನೊಂದು ಹೂ ಹೊತ್ತು ನಿಂತಿರುವ ಈ ಫೆಲನಾಪ್ಸಿಸ್ ಜಾತಿಯ ಆರ್ಕಿಡ್, ಒಂದೂವರೆ ವರ್ಷದ ಹಿಂದೆ ಬರೀ ಎರಡು ಜೋತುಬಿದ್ದ ಎಲೆ ಮತ್ತು ಹೆಬ್ಬೆರಳಿನಷ್ಟು ಕಾಂಡ ಆಗಿತ್ತು. ಬೇರು ಒಂದೂ ಇರಲಿಲ್ಲ. ತುಂಬಾ ವರ್ಷಗಳಿಂದ ಆರ್ಕಿಡ್ ಬೆಳೆಸುವ ಗೆಳೆಯರೊಬ್ಬರು ನೋಡಿ, "ಬಿಸಾಕಿ ಸಾರ್, ಸುಮ್ನೆ ಟೈಮ್ ವೇಸ್ಟ್" ಅಂದಿದ್ದರು. ಹೋದ ವಾರ ಬಂದಾಗ ಇದು ಅದೇ ಗಿಡ ಅಂತ ನಂಬಲೇ ಇಲ್ಲ. ಕೆಳಗಿನ ಎಲೆಯ ತುದಿಯಲ್ಲಿ ನಾನು ಕತ್ತರಿ ಆಡಿಸಿದ್ದ ಗುರುತು ತೋರಿಸಬೇಕಾಯಿತು.

ಇದಕ್ಕೂ ಮುಂಚೆ ಮೂರು ಗಿಡ ಸಾಯಿಸಿದ್ದೇನೆ. ಮೊದಲನೆಯದರ ಸುಳಿಯಲ್ಲಿ ನೀರು ನಿಲ್ಲಲು ಬಿಟ್ಟೆ. ಒಂದು ಬೆಳಗ್ಗೆ ನಡುವಿನ ಎಲೆ ಮುಟ್ಟಿದರೆ ಕೈಗೇ ಬಂತು, ಬುಡದಲ್ಲಿ ಕಪ್ಪು ಲೋಳೆ. ಎರಡನೆಯದನ್ನು ಚೆಂದ ಕಾಣಲಿ ಅಂತ ತೂತಿಲ್ಲದ ಪಿಂಗಾಣಿ ಕುಂಡದಲ್ಲಿ ಇಟ್ಟಿದ್ದೆ. ಅದರ ಕಥೆ ಹೇಳುವುದೇ ಬೇಡ.

ಮೂರನೆಯದಕ್ಕೆ ಸುರಿದ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಬೇರು ಕೊಳೆಯುತ್ತಿದೆ ಅಂತ ಗೊತ್ತಾದ ತಕ್ಷಣ ಹೈಡ್ರೋಜನ್ ಪೆರಾಕ್ಸೈಡ್ ತಂದೆ. ಬೇರಿನ ಹಾರ್ಮೋನು ತಂದೆ, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ತಂದೆ, ಗಿಡಕ್ಕೆ ಅಂತಲೇ ಮಾರುವ ಲೈಟೂ ಬಂತು. ಲೆಕ್ಕ ಹಾಕಿದರೆ ಹೂ ಬಿಟ್ಟ ಹೊಸ ಗಿಡ ಐದಾರು ಬರುತ್ತಿದ್ದವು. ಪೆರಾಕ್ಸೈಡ್ ಬುಸುಬುಸು ನೊರೆ ಎಬ್ಬಿಸಿದಾಗ ಏನೋ ವಾಸಿಯಾಗುತ್ತಿದೆ ಅಂದುಕೊಂಡೆ. ಉಳಿದಿದ್ದ ನಾಲ್ಕು ಒಳ್ಳೆ ಬೇರಿನ ತುದಿಗಳೂ ಸುಟ್ಟುಹೋದವು. ಮೇಲೆ ದಾಲ್ಚಿನ್ನಿ ಪುಡಿ ಬೇರೆ ಉದುರಿಸಿದ್ದೆ. ಅದು ಕತ್ತರಿಸಿದ ಗಾಯಕ್ಕೆ ಸರಿ, ಬೇರಿಗೆ ಬಿದ್ದರೆ ಒಣಗಿಸಿಬಿಡುತ್ತದೆ.

ನಾಲ್ಕನೆಯದು ಈ ಗಿಡ. ತಂದಾಗ ಚೆನ್ನಾಗೇ ಇತ್ತು. ಕುಂಡದಲ್ಲಿ ಮಣ್ಣಿನ ಬದಲು ತುಂಬಿದ್ದ ಮರದ ತೊಗಟೆಯ ಚೂರುಗಳು ಮೇಲೆ ಒಣಗಿವೆ ಅಂತ ನೀರು ಹಾಕುತ್ತಲೇ ಇದ್ದೆ. ಎಲೆ ಮಾತ್ರ ದಿನದಿನಕ್ಕೆ ಸುಕ್ಕಾಗುತ್ತಿತ್ತು. ಕುಂಡದಿಂದ ಕಿತ್ತು ನೋಡಿದರೆ ನಡುವೆ ನರ್ಸರಿಯವರು ಸಸಿಗೆ ಸುತ್ತಿದ್ದ ಪಾಚಿಯ ಗಡ್ಡೆ ಹಾಗೇ ಇತ್ತು. ಹಿಂಡಿದರೆ ನೆಲ ಒರೆಸಿದ ಬಟ್ಟೆಯಿಂದ ಇಳಿದ ಹಾಗೆ ಕಂದು ನೀರು. ಬೇರುಗಳೆಲ್ಲ ಟೊಳ್ಳು. ಎಳೆದರೆ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಕೈಯಲ್ಲಿ.

ಅಷ್ಟೂ ಕತ್ತರಿಸಿ ಎಸೆದೆ. ಎರಡು ದಿನ ನೆರಳಲ್ಲಿ ಗಾಯ ಒಣಗಲು ಬಿಟ್ಟೆ. ಆಮೇಲೆ ಹಳೇ ಜಿಪ್ ಕವರಿನಲ್ಲಿ ಒಂದು ಹಿಡಿ ಸ್ಫ್ಯಾಗ್ನಮ್ ಪಾಚಿ ಹಾಕಿ, ಗಿಡವನ್ನು ಅದರ ಮೇಲೆ ನಿಲ್ಲಿಸಿ ಮುಚ್ಚಿದೆ. ಬುಡ ಪಾಚಿಗೆ ತಾಗದ ಹಾಗೆ ಎರಡು ಕಡ್ಡಿ ಅಡ್ಡ ಇಟ್ಟಿದ್ದೆ. ಬಿಸಿಲಿಲ್ಲದ ಬೆಳಕು, ಸುಮಾರು 25ರಿಂದ 28 ಡಿಗ್ರಿ. ಅಷ್ಟೇ. ನೀರು ಹಾಕಲಿಲ್ಲ. ಕುಡಿಯುವ ಬಾಯೇ ಇಲ್ಲದ ಗಿಡಕ್ಕೆ ನೀರು ಕೊಟ್ಟು ಏನು ಮಾಡೋದು, ಅಲ್ವಾ? ಎಲೆಯಿಂದ ತೇವ ಆರಿಹೋಗದಿದ್ದರೆ ಸಾಕಿತ್ತು.

ಪಾಚಿ ಎಷ್ಟು ಒದ್ದೆ ಇರಬೇಕು ಅನ್ನೋದರಲ್ಲೇ ಎಲ್ಲ ಇದೆ. ಬಲವಾಗಿ ಹಿಂಡಿದರೂ ಒಂದು ಹನಿ ಬೀಳಬಾರದು. ಮೊದಲ ವಾರ ನಾನೂ ಜಾಸ್ತಿ ಒದ್ದೆ ಮಾಡಿ, ಬಿಳಿ ಬೂಷ್ಟು ಬಂದು, ಪಾಚಿ ಬದಲಾಯಿಸಿದೆ. ಮೂರು ದಿನಕ್ಕೊಮ್ಮೆ ಕವರು ತೆರೆದು ಹತ್ತು ನಿಮಿಷ ಗಾಳಿಗೆ ಬಿಡುತ್ತಿದ್ದೆ. ಕವರಿಗೆ ಹಾಕುವ ಮುಂಚೆ ಬುಡಕ್ಕೆ ಒಂದು ವಸ್ತು ಹಚ್ಚಿದ್ದೆ, ಅದೇನು ಅಂತ ಈಗಲೇ ಹೇಳಲ್ಲ. ಇನ್ನೆರಡು ಗಿಡದ ಮೇಲೆ ನೋಡಿ ಆಮೇಲೆ.

ಆರೇಳು ವಾರ ಏನೂ ಆಗಲಿಲ್ಲ. ಗೆಳೆಯರು ಫೋನ್ ಮಾಡಿದಾಗಲೆಲ್ಲ "ಕವರಿನಲ್ಲಿ ಮಮ್ಮಿ ಹೇಗಿದೆ?" ಅನ್ನುವರು. ಒಂದು ದಿನ ಕೆಳಗಿನ ಎಲೆಯ ಬುಡ ಸೀಳಿಕೊಂಡು ಸಾಸಿವೆಯಷ್ಟು ಹಸಿರು ಗುಬುಟು ಇಣುಕಿತು. ಹೂಕಡ್ಡಿ ಇರಬಹುದೇ ಅಂತ ಹೆದರಿದೆ, ಆ ಸ್ಥಿತಿಯಲ್ಲಿ ಹೂ ಬಿಟ್ಟರೆ ಗಿಡ ಮುಗಿದ ಹಾಗೆ. ತುದಿ ಉರುಟಾಗಿ ಹೊಳೆಯುತ್ತಿತ್ತು, ಹೂಕಡ್ಡಿಯ ಹಾಗೆ ಕೈಗವಸಿನ ಆಕಾರ ಇರಲಿಲ್ಲ. ಅದು ಹೊಸ ಬೇರು!

ನಾಲ್ಕು ತಿಂಗಳಿಗೆ ಮೂರು ಬೇರು, ಎರಡೆರಡು ಇಂಚು. ತೂತು ಮಾಡಿದ ಪಾರದರ್ಶಕ ಪ್ಲಾಸ್ಟಿಕ್ ಲೋಟಕ್ಕೆ ಇಳಿಸಿದೆ, ಮುಕ್ಕಾಲು ತೊಗಟೆ ಚೂರು, ಕಾಲು ಭಾಗ ಇದ್ದಿಲು. ವಾರ ನೋಡಿ ನೀರು ಹಾಕುವುದು ಅಂದಿಗೇ ಬಿಟ್ಟೆ. ಬೇರು ಬೆಳ್ಳಿ ಬಣ್ಣಕ್ಕೆ ತಿರುಗಿದರೆ ನೀರು, ಹಸಿರಿದ್ದರೆ ಇಲ್ಲ. ಗೊಬ್ಬರ 20-20-20 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವುದು), ಪೊಟ್ಟಣದಲ್ಲಿ ಹೇಳಿದ್ದರ ಕಾಲು ಭಾಗ.

ನಡುವೆ ಇದ್ದಿಲು ಮಾತ್ರ ಸಾಕಾಗುತ್ತದಾ ಅಂತ ಇನ್ನೊಂದು ಗಿಡದಲ್ಲಿ ನೋಡಿದೆ. ಎರಡೇ ದಿನಕ್ಕೆ ಒಣಗುತ್ತಿತ್ತು, ಕೈಬಿಟ್ಟೆ. ಅದೇ ಗಿಡದ ಹಳೇ ಹೂಕಡ್ಡಿಯ ಎರಡು ಗೆಣ್ಣಿಗೆ ಕೀಕಿ ಪೇಸ್ಟ್ ಅನ್ನೋ ಹಾರ್ಮೋನು ಮುಲಾಮು ಹಚ್ಚಿದ್ದೆ. ಮರಿ ಗಿಡ ಬರಲಿ ಅಂತ ಕಾದರೆ ಒಂದರಲ್ಲಿ ಹೂವಿನ ಕವಲು ಬಂತು, ಇನ್ನೊಂದು ಅಲುಗಾಡಲಿಲ್ಲ.

ಎರಡು ಹೊಸ ಎಲೆ ಬಂದ ಮೇಲೆ ಹೂವಿನ ಆಸೆ ಶುರುವಾಯಿತು. ಒಂದು ತಿಂಗಳಿಗೂ ಹೆಚ್ಚು ಕಾಲ ರಾತ್ರಿ ಕಿಟಕಿ ತೆರೆದಿಟ್ಟೆ. ರಾತ್ರಿ 18-19 ಡಿಗ್ರಿಗೆ ಇಳಿಯುತ್ತಿತ್ತು, ಹಗಲು 25ರ ಒಳಗೆ. ಐದನೇ ವಾರಕ್ಕೆ ಕಡ್ಡಿ ಕಾಣಿಸಿತು. ಚೀಟಿ ಕಳೆದುಹೋಗಿ ತಳಿಯ ಹೆಸರು ಗೊತ್ತಿಲ್ಲ. ಸಣ್ಣ ಗುಲಾಬಿ ಹೂ, ಕವಲೊಡೆಯುವ ಕಡ್ಡಿ ನೋಡಿದರೆ ಇಕ್ವೆಸ್ಟ್ರಿಸ್ ಅನ್ನೋ ಕಾಡು ಫೆಲನಾಪ್ಸಿಸ್‌ನ ಸಂಬಂಧ ಇರಬೇಕು. ಮನುಷ್ಯರು ಮಾಡಿದ ಮೊದಲ ಫೆಲನಾಪ್ಸಿಸ್ ಮಿಶ್ರತಳಿ 1886ರಲ್ಲಿ ಹೂ ಬಿಟ್ಟಿತು, ಅದರಲ್ಲೂ ಇದೇ ಇಕ್ವೆಸ್ಟ್ರಿಸ್ ಇತ್ತು, ಜೊತೆಗೆ ಅಫ್ರೊಡೈಟ್ ಅನ್ನೋ ಇನ್ನೊಂದು ಜಾತಿ.

ಹದಿನಾಲ್ಕು ಮೊಗ್ಗಿದ್ದವು. ಮೂರು ಹಳದಿಯಾಗಿ ಉದುರಿದವು. ತಪ್ಪು ನನ್ನದೇ, ಮಾಗಿದ ಹಣ್ಣಿನ ಬುಟ್ಟಿಯನ್ನು ಪಕ್ಕದಲ್ಲೇ ಇಟ್ಟಿದ್ದೆ. ಹಣ್ಣಿನಿಂದ ಬರುವ ಎಥಿಲೀನ್ ಅನಿಲ ಮೊಗ್ಗಿಗೆ ಆಗುವುದಿಲ್ಲ.

ಗೆಳೆಯರು ಹೋಗುವಾಗ, ತಮ್ಮ ಮನೆಯಲ್ಲೂ ಬೇರು ಹೋದ ಒಂದು ಬಿಳಿ ಹೂವಿನ ಗಿಡ ಇದೆ ಅಂದರು. ಮಾರನೇ ದಿನವೇ ಪೇಪರಿನಲ್ಲಿ ಸುತ್ತಿ ತಂದುಕೊಟ್ಟರು. ಅದೀಗ ಕವರಿನಲ್ಲಿದೆ, ಇವತ್ತಿಗೆ ಐದನೇ ದಿನ. ಬೂಷ್ಟು ಇನ್ನೂ ಬಂದಿಲ್ಲ.